ಆನ್‌ಲೈನ್ ಅಗ್ಗದ ಮಾಲು: ಸುರಿ ವಿರೋಧಿ ಸುಂಕದ ಕೈ ಎಲ್ಲಿಯವರೆಗೆ?

ಬೆಂಗಳೂರು: ವಿದೇಶಿ ಜಾಲತಾಣವೊಂದರಲ್ಲಿ ರೇಷ್ಮೆ ದುಪಟ್ಟಾದ ಬೆಲೆ ಇಲ್ಲಿನ ಅಂಗಡಿಯ ಬೆಲೆಗಿಂತ ಅರ್ಧದಷ್ಟು ಕಡಿಮೆ ಇದ್ದರೆ ಗ್ರಾಹಕನಿಗೆ ಅದು ಲಾಭ. ಅದೇ ಬೆಲೆ ರಾಮನಗರ ಅಥವಾ ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರನಿಗೆ, ಇಳಕಲ್ಲಿನ ನೇಕಾರನಿಗೆ ಆತಂಕ. ‘ವಿದೇಶಿ ಮಾಲನ್ನು ಇಲ್ಲಿ ತಂದು ಸುರಿಯುತ್ತಿದ್ದಾರೆ, ಸುಂಕ ಹಾಕಿ ತಡೆಯಿರಿ’ ಎಂಬ ಬೇಡಿಕೆ ಇಂತಹ ಸಂದರ್ಭದಲ್ಲಿಯೇ ಹುಟ್ಟುತ್ತದೆ.

ಹೀಗೆ ತಡೆಯಲು ಕಾಯ್ದೆ ಇದೆ. ಆ್ಯಂಟಿ ಡಂಪಿಂಗ್ ಎಂದು ಕರೆಯಲಾಗುವ ಸುರಿ ವಿರೋಧಿ ಸುಂಕವನ್ನು ಭಾರತ ಮೂರು ದಶಕಗಳಿಂದ ಬಳಸುತ್ತಿದೆ. 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಸ್ಥಾಪನೆಯಾದ ನಂತರ ಇಂತಹ ತನಿಖೆಗಳನ್ನು ಅತಿ ಹೆಚ್ಚು ಸಂಖ್ಯೆಯಲ್ಲಿ ಆರಂಭಿಸಿದ ರಾಷ್ಟ್ರಗಳ ಸಾಲಿನಲ್ಲಿ ಭಾರತವೇ ಮುಂದಿದೆ. ಆದರೆ ಈ ಕಾಯ್ದೆ ರೂಪುಗೊಂಡದ್ದು ಹಡಗುಗಳಲ್ಲಿ ಕಂಟೇನರ್‌ಗಟ್ಟಲೆ ಮಾಲು ಬಂದಿಳಿಯುತ್ತಿದ್ದ ಕಾಲದಲ್ಲಿ. ಅರ್ಧ ಕೆ.ಜಿ. ತೂಕದ ಪೊಟ್ಟಣವೊಂದು ವಿಮಾನದಲ್ಲಿ ಬಂದು ನೇರವಾಗಿ ಮನೆ ಬಾಗಿಲು ತಲುಪುವ ಕಾಲದಲ್ಲಿ ಅದು ಹೇಗೆ ಅನ್ವಯವಾಗುತ್ತದೆ?

ಅಗ್ಗವೆಲ್ಲ ‘ಸುರಿಯುವಿಕೆ’ ಅಲ್ಲ

ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಕಾನೂನಿನ ದೃಷ್ಟಿಯಲ್ಲಿ ಅದು ಸುರಿಯುವಿಕೆ ಆಗುವುದಿಲ್ಲ. ಉತ್ಪಾದಕನೊಬ್ಬ ತನ್ನ ದೇಶದಲ್ಲಿ ಒಂದು ಸರಕನ್ನು ಮಾರುವ ಬೆಲೆಗಿಂತ ಕಡಿಮೆ ಬೆಲೆಗೆ ಅದೇ ಸರಕನ್ನು ಇನ್ನೊಂದು ದೇಶಕ್ಕೆ ರಫ್ತು ಮಾಡಿದರೆ ಮಾತ್ರ ಅದು ಸುರಿಯುವಿಕೆ. ತನ್ನ ದೇಶದ ಬೆಲೆಗೆ ‘ಸಾಮಾನ್ಯ ಮೌಲ್ಯ’ ಎಂದೂ, ಹೊರಗೆ ಕಳುಹಿಸುವ ಬೆಲೆಗೆ ‘ರಫ್ತು ಬೆಲೆ’ ಎಂದೂ ಹೆಸರು. ಇವೆರಡರ ನಡುವಿನ ಅಂತರವೇ ಸುರಿಯುವಿಕೆಯ ಪ್ರಮಾಣ.

ವಿಶ್ವ ವ್ಯಾಪಾರದ ನಿಯಮಗಳು ಸುರಿಯುವಿಕೆಯನ್ನು ನಿಷೇಧಿಸಿಲ್ಲ ಎಂಬುದು ಹಲವರಿಗೆ ಅಚ್ಚರಿ ತರಬಹುದು. ಗ್ಯಾಟ್ ಒಪ್ಪಂದದ 6ನೇ ವಿಧಿ ಹೇಳುವುದು ಇಷ್ಟೇ: ಸುರಿಯುವಿಕೆಯಿಂದ ಆಮದು ದೇಶದ ಉದ್ದಿಮೆಗೆ ಗಣನೀಯ ಹಾನಿಯಾಗಿದ್ದರೆ, ಆ ದೇಶ ಹೆಚ್ಚುವರಿ ಸುಂಕ ವಿಧಿಸಬಹುದು. ಅಂದರೆ ಸುರಿಯುವಿಕೆ, ಹಾನಿ ಮತ್ತು ಇವೆರಡರ ನಡುವಿನ ಕಾರ್ಯಕಾರಣ ಸಂಬಂಧ ಎಂಬ ಮೂರನ್ನೂ ರುಜುವಾತು ಮಾಡಬೇಕು. ಒಂದು ತಪ್ಪಿದರೂ ಸುಂಕವಿಲ್ಲ.

ಹಬ್ಬದ ದಿನಗಳಲ್ಲಿ ಜಾಲತಾಣಗಳು ನೀಡುವ ಭಾರಿ ರಿಯಾಯಿತಿಯೂ ಇದರ ವ್ಯಾಪ್ತಿಗೆ ಬಾರದು. ಮಾರುಕಟ್ಟೆಯಲ್ಲಿ ಪ್ರಾಬಲ್ಯವುಳ್ಳ ಸಂಸ್ಥೆಯೊಂದು ಪ್ರತಿಸ್ಪರ್ಧಿಗಳನ್ನು ಹೊರದಬ್ಬಲು ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿದರೆ ಅದನ್ನು ವಿಚಾರಿಸುವುದು 2002ರ ಸ್ಪರ್ಧಾ ಕಾಯ್ದೆ. ವಿದೇಶಿ ಸರ್ಕಾರವೇ ಸಹಾಯಧನ ನೀಡಿ ಬೆಲೆ ಇಳಿಸಿದ್ದರೆ ಅದಕ್ಕೆ ಪ್ರತಿಯಾಗಿ ವಿಧಿಸುವ ಸುಂಕವೇ ಬೇರೆ. ಜನರ ಮಾತಿನಲ್ಲಿ ಎಲ್ಲವೂ ‘ಡಂಪಿಂಗ್’ ಆದರೂ ಕಾನೂನಿನಲ್ಲಿ ಒಂದೊಂದಕ್ಕೂ ಪ್ರತ್ಯೇಕ ದಾರಿ ಇದೆ.

ಸುಂಕ ಬೀಳುವ ಬಗೆ

ಭಾರತದಲ್ಲಿ 1975ರ ಕಸ್ಟಮ್ಸ್ ಸುಂಕ ಕಾಯ್ದೆಯ 9ಎ ಕಲಮು ಮತ್ತು 1995ರ ನಿಯಮಾವಳಿ ಇದಕ್ಕೆ ಆಧಾರ. ತನಿಖೆ ನಡೆಸುವುದು ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನದ ವ್ಯಾಪಾರ ಪರಿಹಾರ ಮಹಾ ನಿರ್ದೇಶನಾಲಯ. ಹಳೆಯ ಆ್ಯಂಟಿ ಡಂಪಿಂಗ್ ನಿರ್ದೇಶನಾಲಯವನ್ನು 2018ರಲ್ಲಿ ಈ ಹೊಸ ರೂಪಕ್ಕೆ ತರಲಾಯಿತು. ನಿರ್ದೇಶನಾಲಯ ಶಿಫಾರಸು ಮಾಡುತ್ತದೆ. ಸುಂಕ ವಿಧಿಸುವ ಅಥವಾ ಬಿಡುವ ಅಂತಿಮ ಅಧಿಕಾರ ಹಣಕಾಸು ಸಚಿವಾಲಯದ್ದು.

ದೂರು ನೀಡಲು ದೇಶೀಯ ಉತ್ಪಾದಕರೇ ಮುಂದಾಗಬೇಕು. ಅರ್ಜಿಯನ್ನು ಬೆಂಬಲಿಸುವವರ ಉತ್ಪಾದನೆ ದೇಶದ ಒಟ್ಟು ಉತ್ಪಾದನೆಯ ಶೇ 25ಕ್ಕಿಂತ ಕಡಿಮೆ ಇರಬಾರದು. ಅಭಿಪ್ರಾಯ ತಿಳಿಸಿದವರ ಪೈಕಿ ಬೆಂಬಲಿಸುವವರ ಉತ್ಪಾದನೆ ವಿರೋಧಿಸುವವರದ್ದಕ್ಕಿಂತ ಹೆಚ್ಚಿರಬೇಕು. ಸುರಿಯುವಿಕೆಯ ಪ್ರಮಾಣ ರಫ್ತು ಬೆಲೆಯ ಶೇ 2ಕ್ಕಿಂತ ಕಡಿಮೆ ಇದ್ದರೆ ತನಿಖೆ ಅಲ್ಲಿಗೇ ನಿಲ್ಲುತ್ತದೆ. ಒಂದು ದೇಶದಿಂದ ಬರುವ ಮಾಲು ಆ ಸರಕಿನ ಒಟ್ಟು ಆಮದಿನ ಶೇ 3ಕ್ಕಿಂತ ಕಡಿಮೆ ಇದ್ದರೂ ಸಾಮಾನ್ಯವಾಗಿ ಹಾಗೆಯೇ. ತನಿಖೆ ಒಂದು ವರ್ಷದಲ್ಲಿ ಮುಗಿಯಬೇಕು, ಹೆಚ್ಚೆಂದರೆ ಹದಿನೆಂಟು ತಿಂಗಳು. ವಿಧಿಸಿದ ಸುಂಕಕ್ಕೆ ಐದು ವರ್ಷಗಳ ಆಯುಷ್ಯ. ಆ ಬಳಿಕ ಮರುಪರಿಶೀಲನೆ ನಡೆಸಿದರಷ್ಟೇ ಮುಂದುವರಿಕೆ.

ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ವಿದೇಶದ ಕಾರ್ಖಾನೆಯೊಂದು ಒಂದು ಮೀಟರ್ ಬಟ್ಟೆಯನ್ನು ತನ್ನ ದೇಶದಲ್ಲಿ 500 ರೂಪಾಯಿಗೆ ಮಾರಿ, ಭಾರತಕ್ಕೆ 400 ರೂಪಾಯಿಗೆ ಕಳುಹಿಸುತ್ತದೆ ಎಂದುಕೊಳ್ಳೋಣ. ಸುರಿಯುವಿಕೆಯ ಅಂತರ 100 ರೂಪಾಯಿ, ಅಂದರೆ ರಫ್ತು ಬೆಲೆಯ ಶೇ 25. ಮೂಲ ಆಮದು ಸುಂಕವೂ ಸೇರಿ ಆ ಬಟ್ಟೆ ಇಲ್ಲಿಗೆ ಬಂದಿಳಿಯುವ ಬೆಲೆ 440 ರೂಪಾಯಿ. ಇಲ್ಲಿನ ಉತ್ಪಾದಕ ನಷ್ಟವಿಲ್ಲದೆ ಮಾರಬಲ್ಲ ನ್ಯಾಯಯುತ ಬೆಲೆ 500 ರೂಪಾಯಿ ಎಂದು ನಿರ್ದೇಶನಾಲಯ ಲೆಕ್ಕ ಹಾಕಿದರೆ ಹಾನಿಯ ಅಂತರ 60 ರೂಪಾಯಿ. ಭಾರತ ಅನುಸರಿಸುವ ‘ಕಡಿಮೆ ಸುಂಕ’ ತತ್ವದ ಪ್ರಕಾರ 100 ಮತ್ತು 60ರ ಪೈಕಿ ಚಿಕ್ಕದನ್ನು, ಅಂದರೆ 60 ರೂಪಾಯಿಯನ್ನು ಸುಂಕವಾಗಿ ವಿಧಿಸಲಾಗುತ್ತದೆ. ಉದ್ದೇಶ ವಿದೇಶಿ ಮಾಲನ್ನು ಹೊರಗಿಡುವುದಲ್ಲ, ಹಾನಿಯನ್ನು ಸರಿದೂಗಿಸುವುದು.

ಪರದೆಯ ಬೆಲೆ ಸಾಕ್ಷಿಯಾಗದು

ಮೇಲಿನ ಲೆಕ್ಕದಲ್ಲಿ ಜಾಲತಾಣದ ಬೆಲೆ ಎಲ್ಲಿಯೂ ಬಂದಿಲ್ಲ. ಹೋಲಿಕೆ ನಡೆಯುವುದು ಕಾರ್ಖಾನೆಯ ಬಾಗಿಲ ಬೆಲೆಗಳ ನಡುವೆ. ಜಾಲತಾಣದಲ್ಲಿ ಕಾಣುವ ಬೆಲೆಯಲ್ಲಿ ಸಾಗಣೆ, ವಿಮೆ, ತೆರಿಗೆ, ಜಾಲತಾಣದ ಕಮಿಷನ್, ಮಾರಾಟಗಾರನ ಲಾಭ ಎಲ್ಲವೂ ಸೇರಿರುತ್ತವೆ. ಒಮ್ಮೊಮ್ಮೆ ಗ್ರಾಹಕರನ್ನು ಸೆಳೆಯಲು ಜಾಲತಾಣವೇ ತನ್ನ ಕೈಯಿಂದ ರಿಯಾಯಿತಿ ಕೊಟ್ಟಿರುತ್ತದೆ. ಹೀಗಾಗಿ ಪರದೆಯ ಮೇಲೆ ಬೆಲೆ ಕಡಿಮೆ ಇದ್ದರೂ ಸುರಿಯುವಿಕೆ ಇಲ್ಲದಿರಬಹುದು. ಬೆಲೆ ದುಬಾರಿಯಾಗಿದ್ದರೂ ಸುರಿಯುವಿಕೆ ಇರಬಹುದು.

ಆದರೂ ಚಿಲ್ಲರೆ ಬೆಲೆಗೆ ಒಂದು ಪಾತ್ರವಿದೆ. ರಫ್ತುದಾರ ಮತ್ತು ಆಮದುದಾರ ಒಂದೇ ಸಮೂಹಕ್ಕೆ ಸೇರಿದ್ದು, ಅವರ ನಡುವಿನ ಬಿಲ್ಲಿನ ಬೆಲೆ ನಂಬಲರ್ಹವಲ್ಲ ಎಂದಾದರೆ, ಸಂಬಂಧವಿಲ್ಲದ ಮೊದಲ ಖರೀದಿದಾರನಿಗೆ ಮಾರಿದ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಲು 9ಎ ಕಲಮು ಅವಕಾಶ ನೀಡುತ್ತದೆ. ವಿದೇಶಿ ಕಂಪೆನಿಯ ಅಂಗಸಂಸ್ಥೆಯೇ ಮಾಲು ತರಿಸಿ ಆನ್‌ಲೈನ್‌ನಲ್ಲಿ ಮಾರಿದರೆ ಗ್ರಾಹಕನೇ ಆ ಮೊದಲ ಖರೀದಿದಾರ. ಆತ ಕೊಟ್ಟ ಬೆಲೆಯಿಂದ ತೆರಿಗೆ, ಸಾಗಣೆ, ಕಮಿಷನ್, ಲಾಭಗಳನ್ನು ಕಳೆಯುತ್ತ ರಫ್ತು ಬೆಲೆಯನ್ನು ಕಟ್ಟಬೇಕಾಗುತ್ತದೆ. ಇದಕ್ಕೆ ಮಾರಾಟದ ದಾಖಲೆಗಳೆಲ್ಲ ಬೇಕು.

ಮೂರು ದಾರಿ, ಮೂರು ಪರಿಣಾಮ

ಆನ್‌ಲೈನ್‌ನಲ್ಲಿ ಮಾರಾಟವಾಗುವ ವಿದೇಶಿ ಮಾಲು ದೇಶದೊಳಗೆ ಬರಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಸಗಟು ಆಮದು. ವ್ಯಾಪಾರಿಯೊಬ್ಬ ಕಂಟೇನರ್‌ನಲ್ಲಿ ಮಾಲು ತರಿಸಿ, ಗೋದಾಮಿನಲ್ಲಿಟ್ಟು, ಜಾಲತಾಣದ ಮೂಲಕ ಬಿಡಿಯಾಗಿ ಮಾರುತ್ತಾನೆ. ಇಲ್ಲಿ ಗೊಂದಲವಿಲ್ಲ. ಸುಂಕ ಬೀಳುವುದು ಸರಕಿನ ಮೇಲೆ. ಮಾರಾಟದ ಮಾರ್ಗದ ಮೇಲೆ ಅಲ್ಲ. ಬಂದರಿನಲ್ಲಿಯೇ ಆಮದುದಾರ ಅದನ್ನು ಕಟ್ಟಬೇಕು. ಅದರ ಮೇಲೆ ಐಜಿಎಸ್‌ಟಿ ಲೆಕ್ಕವೂ ಏರುತ್ತದೆ. ಐಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಸಿಗುತ್ತದೆ, ಸುರಿ ವಿರೋಧಿ ಸುಂಕಕ್ಕೆ ಸಿಗುವುದಿಲ್ಲ. ಆದ್ದರಿಂದ ಆ ಭಾರ ಬೆಲೆಯಲ್ಲಿ ಸೇರಿಯೇ ಗ್ರಾಹಕನನ್ನು ತಲುಪುತ್ತದೆ.

ಎರಡನೆಯದು ವಿದೇಶದಿಂದ ಗ್ರಾಹಕನ ಮನೆಗೆ ನೇರವಾಗಿ ಬರುವ ಪೊಟ್ಟಣ. ಈ ದಾರಿಯಲ್ಲಿ ಆಮದುದಾರ ಯಾರು? ಖರೀದಿಸಿದ ಗ್ರಾಹಕನೇ. ಆದರೆ ತಾನು ಆಮದುದಾರ ಎಂಬ ಅರಿವು ಆತನಿಗಿರುವುದಿಲ್ಲ. ಕಸ್ಟಮ್ಸ್ ಕಾಗದಪತ್ರಗಳನ್ನು ಆತನ ಪರವಾಗಿ ಕೊರಿಯರ್ ಸಂಸ್ಥೆಯೋ ಅಂಚೆ ಇಲಾಖೆಯೋ ನೋಡಿಕೊಳ್ಳುತ್ತದೆ. ಸ್ವಂತ ಬಳಕೆಗೆಂದು ಬರುವ ವಸ್ತುಗಳಿಗೆ ಸುಂಕ ಪಟ್ಟಿಯಲ್ಲಿ 9804 ಎಂಬ ಒಂದೇ ಶೀರ್ಷಿಕೆ ಇದೆ. ಬಟ್ಟೆಯೋ ಆಟಿಕೆಯೋ ಪಾತ್ರೆಯೋ, ಎಲ್ಲಕ್ಕೂ ಒಂದೇ ದರ.

ಸುರಿ ವಿರೋಧಿ ಸುಂಕದ ಅಧಿಸೂಚನೆಯ ಸ್ವಭಾವ ಇದಕ್ಕೆ ತೀರ ವಿರುದ್ಧ. ಯಾವ ಸರಕು, ಯಾವ ದರ್ಜೆ, ಯಾವ ದೇಶದ್ದು, ಯಾವ ಉತ್ಪಾದಕನದ್ದು ಎಂಬುದನ್ನು ಅದು ಸಾಲು ಸಾಲಾಗಿ ಬಿಡಿಸಿ ಹೇಳುತ್ತದೆ. ಒಂದೇ ದೇಶದ ಇಬ್ಬರು ಉತ್ಪಾದಕರಿಗೆ ಎರಡು ಬೇರೆ ದರಗಳಿರಬಹುದು. ಎರಡು ಮೀಟರ್ ಬಟ್ಟೆಯ ಪೊಟ್ಟಣದ ಮೇಲೆ ಇದನ್ನೆಲ್ಲ ಪತ್ತೆ ಹಚ್ಚಬೇಕಾದರೆ ಅಧಿಕಾರಿ ಅದನ್ನು ಬಿಚ್ಚಬೇಕು, ನೂಲನ್ನು ಪರೀಕ್ಷೆಗೆ ಕಳುಹಿಸಬೇಕು, ತಯಾರಕನ ದಾಖಲೆ ಕೇಳಬೇಕು. ಮೇಲಿನ ಉದಾಹರಣೆಯಂತೆ ಸಿಗುವ ಸುಂಕ 120 ರೂಪಾಯಿ. ಅದನ್ನು ವಸೂಲು ಮಾಡುವ ಖರ್ಚು ಅದಕ್ಕಿಂತ ಹೆಚ್ಚು. ಇಂತಹ ಪೊಟ್ಟಣಗಳು ದಿನಕ್ಕೆ ಸಾವಿರಾರು ಬಂದರೆ ಕಾಯ್ದೆ ಇದ್ದೂ ಕೈಗೆಟುಕುವುದಿಲ್ಲ.

ಮೂರನೆಯದು ಸುತ್ತು ದಾರಿ. ಸುಂಕಕ್ಕೊಳಗಾದ ದೇಶದ ಮಾಲನ್ನು ಮೂರನೇ ದೇಶದ ಮೂಲಕ ಕಳುಹಿಸುವುದು, ಹೆಸರು ಅಥವಾ ಸ್ವರೂಪವನ್ನು ತುಸು ಬದಲಿಸುವುದು, ಬಿಡಿ ಭಾಗಗಳಾಗಿ ತಂದು ಇಲ್ಲಿ ಜೋಡಿಸುವುದು ಇದರ ರೀತಿಗಳು. ಇದನ್ನು ತಡೆಯಲು 9ಎ ಕಲಮಿಗೆ 1ಎ ಉಪಕಲಮನ್ನು ಸೇರಿಸಲಾಗಿದೆ. ತಪ್ಪಿಸಿಕೊಳ್ಳುವಿಕೆ ತನಿಖೆಯಲ್ಲಿ ಸಾಬೀತಾದರೆ ಸುಂಕವನ್ನು ಆ ಮಾಲಿಗೂ ವಿಸ್ತರಿಸಬಹುದು.

ಉಡುಗೊರೆಯ ನೆಪಕ್ಕೆ ಬಿದ್ದ ತಡೆ

ಭಾರತದಲ್ಲಿ ಎರಡನೇ ದಾರಿ ಕೆಲವು ವರ್ಷ ಬಹಳ ಸಲೀಸಾಗಿತ್ತು. ವಿದೇಶದಿಂದ ಬರುವ 5,000 ರೂಪಾಯಿವರೆಗಿನ ಉಡುಗೊರೆಗೆ ಆಮದು ಸುಂಕದ ವಿನಾಯಿತಿ ಇತ್ತು. ಗ್ರಾಹಕರು ಹಣ ಕೊಟ್ಟು ಕೊಂಡ ಬಟ್ಟೆ, ಅಲಂಕಾರ ಸಾಮಗ್ರಿಗಳು ‘ಉಡುಗೊರೆ’ ಎಂಬ ಚೀಟಿ ಹೊತ್ತು ಬರುತ್ತಿವೆ ಎಂಬ ದೂರುಗಳು ಹೆಚ್ಚಿದವು. 2019ರ ಡಿಸೆಂಬರ್‌ನಲ್ಲಿ ವಿದೇಶ ವ್ಯಾಪಾರ ಮಹಾ ನಿರ್ದೇಶನಾಲಯವು ಅಂಚೆ ಹಾಗೂ ಕೊರಿಯರ್ ಮೂಲಕ ಉಡುಗೊರೆಯ ಹೆಸರಿನಲ್ಲಿ ಸುಂಕರಹಿತವಾಗಿ ಸರಕು ತರಿಸುವುದನ್ನು ನಿಷೇಧಿಸಿತು. ಜಾಲತಾಣಗಳಲ್ಲಿ ಕೊಂಡ ವಸ್ತುಗಳೂ ಇದರಲ್ಲಿ ಸೇರಿದವು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು. ಪೂರ್ಣ ಸುಂಕ ಕಟ್ಟಿ ಉಡುಗೊರೆ ತರಿಸಲು ಅಡ್ಡಿಯಿಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಶೀಇನ್ ಮತ್ತು ಕ್ಲಬ್ ಫ್ಯಾಕ್ಟರಿ ಎಂಬ ಮಾರಾಟ ತಾಣಗಳೂ ಇದ್ದವು. ಆ ನಿಷೇಧಕ್ಕೆ ನೀಡಿದ ಕಾರಣ ದೇಶದ ಭದ್ರತೆಯೇ ಹೊರತು ವ್ಯಾಪಾರವಲ್ಲ.

ಅಮೆರಿಕ ಮತ್ತು ಯುರೋಪಿನ ಪಾಠ

ಸಣ್ಣ ಪೊಟ್ಟಣಗಳ ಸಮಸ್ಯೆಯನ್ನು ಹೆಚ್ಚು ಅನುಭವಿಸಿದ್ದು ಅಮೆರಿಕ ಮತ್ತು ಯುರೋಪ್ ಒಕ್ಕೂಟ. ಅಮೆರಿಕ 2016ರಲ್ಲಿ ಸುಂಕರಹಿತ ಪೊಟ್ಟಣದ ಮಿತಿಯನ್ನು 200 ಡಾಲರ್‌ನಿಂದ 800 ಡಾಲರ್‌ಗೆ ಏರಿಸಿತು. ಹೀಗೆ ಒಳಬಂದ ಪೊಟ್ಟಣಗಳ ಸಂಖ್ಯೆ 2024ರ ಆರ್ಥಿಕ ವರ್ಷದಲ್ಲಿ 136 ಕೋಟಿಯನ್ನು ಮುಟ್ಟಿತು. ಸುರಿ ವಿರೋಧಿ ಸುಂಕಕ್ಕೊಳಪಟ್ಟ ಸರಕುಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ ಎಂಬ ನಿಯಮ ಅಲ್ಲಿ ಇದ್ದೇ ಇತ್ತು. ಆದರೆ ವಿವರಗಳೇ ಇಲ್ಲದೆ ಬರುವ ಕೋಟಿಗಟ್ಟಲೆ ಪೊಟ್ಟಣಗಳ ನಡುವೆ ಅಂತಹ ಸರಕನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತಾಯಿತು. ಕೊನೆಗೆ 2025ರ ಮೇ 2ರಿಂದ ಚೀನಾ ಮತ್ತು ಹಾಂಗ್‌ಕಾಂಗ್‌ಗೆ, ಆಗಸ್ಟ್ 29ರಿಂದ ಎಲ್ಲ ದೇಶಗಳಿಗೆ ಆ ವಿನಾಯಿತಿಯನ್ನು ಅಮೆರಿಕ ನಿಲ್ಲಿಸಿತು.

ಯುರೋಪ್ ಒಕ್ಕೂಟಕ್ಕೆ 2024ರಲ್ಲಿ ಸುಮಾರು 460 ಕೋಟಿ ಕಡಿಮೆ ಮೌಲ್ಯದ ಪೊಟ್ಟಣಗಳು ಬಂದವು. ಅವುಗಳಲ್ಲಿ ಶೇ 90ಕ್ಕೂ ಹೆಚ್ಚು ಚೀನಾದವು. 150 ಯೂರೊ ಮೌಲ್ಯದವರೆಗೆ ಅಲ್ಲಿ ಆಮದು ಸುಂಕ ಇರಲಿಲ್ಲ. 2026ರ ಜುಲೈ 1ರಿಂದ ಇಂತಹ ಪೊಟ್ಟಣದಲ್ಲಿನ ಸರಕುಗಳಿಗೆ 3 ಯೂರೊ ನಿಶ್ಚಿತ ಸುಂಕ ವಿಧಿಸಲು ಒಕ್ಕೂಟದ ಹಣಕಾಸು ಸಚಿವರು 2025ರ ಡಿಸೆಂಬರ್‌ನಲ್ಲಿ ಒಪ್ಪಿದರು.

ಅಗ್ಗದ ಅಂಚೆ ದರವೂ ಒಂದು ಕಾರಣವಾಗಿತ್ತು. ಅಭಿವೃದ್ಧಿಶೀಲ ರಾಷ್ಟ್ರಗಳಿಂದ ಬರುವ ಸಣ್ಣ ಪೊಟ್ಟಣಗಳಿಗೆ ವಿಶ್ವ ಅಂಚೆ ಒಕ್ಕೂಟದ ವ್ಯವಸ್ಥೆಯಲ್ಲಿ ಕಡಿಮೆ ವಿತರಣಾ ಶುಲ್ಕವಿತ್ತು. ಅಮೆರಿಕ ಒಕ್ಕೂಟದಿಂದ ಹೊರನಡೆಯುವ ಎಚ್ಚರಿಕೆ ನೀಡಿದ ನಂತರ 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ನಡೆದ ವಿಶೇಷ ಅಧಿವೇಶನ ಈ ವ್ಯವಸ್ಥೆಯನ್ನು ಬದಲಿಸಿತು. ಬೆಲೆ ಅಗ್ಗವಾಗಲು ಸುರಿಯುವಿಕೆಯ ಹೊರತಾಗಿಯೂ ಹಲವು ಕಾರಣಗಳಿರುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ.

ರೇಷ್ಮೆಯ ಅನುಭವ

ಕರ್ನಾಟಕಕ್ಕೆ ಈ ಕಾಯ್ದೆ ಹೊಸದಲ್ಲ. ದೇಶದ ಹಿಪ್ಪುನೇರಳೆ ರೇಷ್ಮೆ ಉತ್ಪಾದನೆಯಲ್ಲಿ ರಾಜ್ಯಕ್ಕೆ ಮೊದಲ ಸ್ಥಾನ. ಅಗ್ಗದ ಚೀನಾ ರೇಷ್ಮೆಯ ವಿರುದ್ಧ ಇಲ್ಲಿನ ಬೆಳೆಗಾರರು ಮತ್ತು ಬಿಚ್ಚಾಣಿಕೆದಾರರು ವರ್ಷಗಳ ಕಾಲ ದನಿ ಎತ್ತಿದ್ದಾರೆ. 2003ರಲ್ಲಿ ಚೀನಾದ 2ಎ ಮತ್ತು ಅದಕ್ಕಿಂತ ಕೆಳದರ್ಜೆಯ ಕಚ್ಚಾ ರೇಷ್ಮೆಯ ಮೇಲೆ ಸುರಿ ವಿರೋಧಿ ಸುಂಕ ಬಿತ್ತು. 2006ರಲ್ಲಿ ಮೀಟರ್‌ಗೆ 20ರಿಂದ 100 ಗ್ರಾಂ ತೂಗುವ ಚೀನಾ ರೇಷ್ಮೆ ಬಟ್ಟೆಗೂ ಅದು ವಿಸ್ತರಿಸಿತು. 2016ರ ಜನವರಿಯಲ್ಲಿ 3ಎ ಮತ್ತು ಅದಕ್ಕಿಂತ ಕೆಳದರ್ಜೆಯ ಕಚ್ಚಾ ರೇಷ್ಮೆಗೆ ಕೆ.ಜಿ.ಗೆ 1.85 ಡಾಲರ್‌ನಂತೆ ಐದು ವರ್ಷಗಳ ಅವಧಿಗೆ ಸುಂಕ ವಿಧಿಸಲಾಯಿತು.

ಇದರ ಪಕ್ಕದಲ್ಲಿಯೇ ಸಾಮಾನ್ಯ ಆಮದು ಸುಂಕದ ಏರಿಳಿತವೂ ನಡೆಯಿತು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ರೇಷ್ಮೆ ಬೆಳೆಗಾರರು ಬೀದಿಗಿಳಿದಿದ್ದರು. 2013ರಲ್ಲಿ ಅದನ್ನು ಶೇ 15ಕ್ಕೆ ಏರಿಸಲಾಯಿತು. ನಂತರ ಶೇ 10ಕ್ಕೆ ಇಳಿದಿದ್ದ ಈ ಸುಂಕ 2021ರ ಬಜೆಟ್‌ನಲ್ಲಿ ಮತ್ತೆ ಶೇ 15ಕ್ಕೆ ಏರಿತು.

ಈ ಅನುಭವದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ನೂಲಿಗೆ ಸುಂಕ ಹಾಕಿದರೆ ಮಾಲು ಬಟ್ಟೆಯ ರೂಪದಲ್ಲಿ ಬರಬಹುದು. ಬಟ್ಟೆಗೂ ಹಾಕಿದರೆ ಹೊಲಿದ ಉಡುಪು, ದುಪಟ್ಟಾ, ಸೀರೆಯ ರೂಪದಲ್ಲಿ ಬರಬಹುದು. ಜಾಲತಾಣಗಳಲ್ಲಿ ಮಾರಾಟವಾಗುವುದು ಬಹುತೇಕ ಈ ಕೊನೆಯ ಹಂತದ ಸರಕು. ನೂಲಿನ ಮೇಲಿನ ಅಧಿಸೂಚನೆ ಸೀರೆಯನ್ನು ಮುಟ್ಟುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ತನಿಖೆ ಬೇಕು.

ಎರಡನೆಯದಾಗಿ, ಉದ್ದಿಮೆಯೊಳಗೆ ಎಲ್ಲರ ಹಿತವೂ ಒಂದೇ ಅಲ್ಲ. ನೂಲಿನ ಬೆಲೆ ಏರಿದರೆ ಗೂಡು ಬೆಳೆಯುವ ರೈತ ಉಸಿರಾಡುತ್ತಾನೆ. ಅದೇ ನೂಲು ಕೊಳ್ಳುವ ನೇಕಾರ ಮತ್ತು ಮಗ್ಗದ ಮಾಲೀಕನ ಮೇಲೆ ಹೊರೆ ಬೀಳುತ್ತದೆ. ಇತ್ತ ನೂಲು ದುಬಾರಿಯಾಗಿ, ಅತ್ತ ಸಿದ್ಧ ಸೀರೆ ಸುಂಕದ ಕಣ್ಣು ತಪ್ಪಿಸಿ ಅಗ್ಗವಾಗಿ ಬಂದರೆ ಎರಡೂ ಕಡೆಯ ಪೆಟ್ಟು ತಿನ್ನುವವನು ನೇಕಾರನೇ.

ಸಣ್ಣ ಉತ್ಪಾದಕರ ಕಷ್ಟ

ಉಕ್ಕು ಅಥವಾ ರಾಸಾಯನಿಕ ಕ್ಷೇತ್ರದಲ್ಲಿ ನಾಲ್ಕೈದು ಕಂಪೆನಿಗಳು ಒಂದಾದರೆ ಶೇ 25ರ ಮಿತಿ ದಾಟುತ್ತದೆ. ಅವುಗಳ ಬಳಿ ಲೆಕ್ಕಪತ್ರಗಳಿವೆ, ವಕೀಲರಿದ್ದಾರೆ. ಸಾವಿರಾರು ಮನೆಗಳಲ್ಲಿ ಹಂಚಿಹೋದ ನೇಯ್ಗೆ ಅಥವಾ ಚನ್ನಪಟ್ಟಣದ ಆಟಿಕೆಯಂತಹ ಕಸುಬಿಗೆ ಉತ್ಪಾದನೆಯ ಲೆಕ್ಕ, ವೆಚ್ಚದ ವಿವರ, ಲಾಭ ನಷ್ಟದ ಪಟ್ಟಿ ಒದಗಿಸುವುದೇ ದೊಡ್ಡ ಕೆಲಸ. ಹೀಗೆ ಚದುರಿದ ಉದ್ದಿಮೆಗಳಲ್ಲಿ ಮಾದರಿ ಸಮೀಕ್ಷೆಯ ಮೂಲಕ ಬೆಂಬಲವನ್ನು ಅಳೆಯಬಹುದೆಂದು ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದ ಹೇಳುತ್ತದೆ. ಅರ್ಜಿ ಇಲ್ಲದಿದ್ದರೂ ಸಾಕಷ್ಟು ಪುರಾವೆ ದೊರೆತರೆ ಸ್ವಯಂಪ್ರೇರಿತವಾಗಿ ತನಿಖೆ ಆರಂಭಿಸುವ ಅಧಿಕಾರ ನಿರ್ದೇಶನಾಲಯಕ್ಕಿದೆ.

ಆಟಿಕೆಗಳ ವಿಷಯದಲ್ಲಿ ಸರ್ಕಾರ ಬೇರೆ ದಾರಿ ಹಿಡಿಯಿತು. 2020ರಲ್ಲಿ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಭಾರತೀಯ ಮಾನಕ ಬ್ಯೂರೊ ಗುರುತನ್ನು ಕಡ್ಡಾಯಗೊಳಿಸಿತು. ಇದಕ್ಕೆ ಹಾನಿಯ ರುಜುವಾತು ಬೇಕಿಲ್ಲ, ಗುರುತು ಇಲ್ಲದ ಮಾಲನ್ನು ಜಾಲತಾಣದಲ್ಲಿಯೂ ಪತ್ತೆ ಹಚ್ಚಬಹುದು. ಆದರೆ ಇದು ಎಲ್ಲ ದೇಶಗಳ ಮಾಲಿಗೂ ಒಂದೇ ರೀತಿ ತಗಲುತ್ತದೆ. ಸುರಿದವನನ್ನಷ್ಟೇ ಗುರಿ ಮಾಡುವುದಿಲ್ಲ.

ಜಾಲತಾಣಗಳ ಹೊಣೆ ಎಷ್ಟು?

ವಿದೇಶಿ ಹೂಡಿಕೆ ಇರುವ ಮಾರುಕಟ್ಟೆ ತಾಣಗಳು ತಾವೇ ದಾಸ್ತಾನು ಇಟ್ಟು ಮಾರುವಂತಿಲ್ಲ. ಕೊಳ್ಳುವವರನ್ನೂ ಮಾರುವವರನ್ನೂ ಸೇರಿಸುವುದಷ್ಟೇ ಅವುಗಳ ಕೆಲಸ. ಅವು ಆಮದುದಾರರಲ್ಲದ ಕಾರಣ ಸುರಿ ವಿರೋಧಿ ಸುಂಕ ಕಟ್ಟುವ ಹೊಣೆ ನೇರವಾಗಿ ಅವುಗಳ ಮೇಲೆ ಬೀಳುವುದಿಲ್ಲ. ಆದರೆ ಮಾಹಿತಿ ನೀಡುವ ಹೊಣೆ ಇದೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಆಮದು ಮಾಲಿನ ಮೂಲ ದೇಶದ ಹೆಸರು ಕೊಳ್ಳುವ ಮುನ್ನವೇ ಗ್ರಾಹಕನಿಗೆ ಕಾಣಬೇಕು.

ಈ ಒಂದು ಸಾಲಿನ ಮಾಹಿತಿ ಗ್ರಾಹಕನಿಗಷ್ಟೇ ಉಪಯುಕ್ತವಲ್ಲ. ಯಾವ ದೇಶದ ಯಾವ ಸರಕು ಎಷ್ಟು ಮಾರಾಟವಾಗುತ್ತಿದೆ ಎಂಬ ಲೆಕ್ಕ ಸಿಗದೆ ಹಾನಿಯನ್ನು ರುಜುವಾತು ಮಾಡಲಾಗದು. 9804ರಂತಹ ಒಂದೇ ಶೀರ್ಷಿಕೆಯಡಿ ಬಂದ ಮಾಲು ಬಟ್ಟೆಯ ಆಮದು ಅಂಕಿಅಂಶದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಾಣದ ಮಾಲು ತನಿಖೆಯ ಲೆಕ್ಕಕ್ಕೂ ಸಿಗುವುದಿಲ್ಲ.

ರೇಷ್ಮೆ ಕೊಳ್ಳುವವರಿಗೆ ಕೇಂದ್ರ ರೇಷ್ಮೆ ಮಂಡಳಿಯ ಪ್ರೋತ್ಸಾಹದಲ್ಲಿ 2004ರಿಂದ ಚಾಲ್ತಿಯಲ್ಲಿರುವ ‘ಸಿಲ್ಕ್ ಮಾರ್ಕ್’ ಗುರುತು ಅದು ಅಪ್ಪಟ ರೇಷ್ಮೆ ಎಂಬುದನ್ನು ತಿಳಿಸುತ್ತದೆ. ಮೈಸೂರು ರೇಷ್ಮೆ, ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆಗಳಿಗೆ ಭೌಗೋಳಿಕ ಸೂಚಿಯ ರಕ್ಷಣೆ ಇದೆ. ಈ ಹೆಸರುಗಳಲ್ಲಿ ಬೇರೆಡೆಯ ಮಾಲನ್ನು ಜಾಲತಾಣದಲ್ಲಿ ಮಾರಿದರೆ ಸುರಿಯುವಿಕೆ ಸಾಬೀತಾಗುವವರೆಗೆ ಕಾಯಬೇಕಿಲ್ಲ. ಭೌಗೋಳಿಕ ಸೂಚಿ ಕಾಯ್ದೆಯಡಿಯೇ ಕ್ರಮ ಕೈಗೊಳ್ಳಬಹುದು.

ಸುರಿ ವಿರೋಧಿ ಕಾಯ್ದೆಗೆ ಹಡಗಿನ ಮಾಲೂ ಒಂದೇ, ಅಂಚೆಯ ಪೊಟ್ಟಣವೂ ಒಂದೇ. ಕೊರತೆ ಇರುವುದು ಪೊಟ್ಟಣದ ಮೇಲಿನ ವಿವರದಲ್ಲಿ ಮತ್ತು ಅದನ್ನು ಎಣಿಸುವ ವ್ಯವಸ್ಥೆಯಲ್ಲಿ. ಸರಕು, ಮೂಲ ದೇಶ, ತಯಾರಕ ಎಂಬ ಮೂರು ವಿವರಗಳು ಪೊಟ್ಟಣ ಹೊರಡುವ ಮುನ್ನವೇ ಕಸ್ಟಮ್ಸ್ ಇಲಾಖೆಯ ಗಣಕಯಂತ್ರ ತಲುಪುವಂತಾದರೆ, ಕಾಯ್ದೆಯ ಒಂದಕ್ಷರವನ್ನೂ ಬದಲಿಸದೆ ಅದನ್ನು ಜಾರಿಗೊಳಿಸಬಹುದು. ಅಲ್ಲಿಯವರೆಗೆ ಬಂದರಿನಲ್ಲಿ ಸುಂಕ ಕಟ್ಟುವ ವ್ಯಾಪಾರಿಯೂ, ಮಗ್ಗದ ಮುಂದೆ ಕುಳಿತ ನೇಕಾರನೂ ಲೆಕ್ಕಕ್ಕೆ ಸಿಗದ ಮಾಲಿನೊಂದಿಗೆ ಪೈಪೋಟಿ ನಡೆಸಬೇಕಾಗುತ್ತದೆ.